ಕಷ್ಟಕ್ಕೆ ಮಾರುವವರ ಎದುರು ಕೂತು

ತಿಪಟೂರು ಸೀಮೆಯಲ್ಲಿ ಜಮೀನು, ಸೈಟು, ಮನೆಗಳ ವ್ಯಾಪಾರ ಕುದುರಿಸುವುದು ನನ್ನ ಕಸುಬು. ಈಗಿನವರು ಬ್ರೋಕರ್ ಅಂತಾರೆ, ಹಳಬರು ದಲ್ಲಾಳಿ ಅಂತಾರೆ. ನನ್ನ ಹತ್ತಿರ ಬರುವವರಲ್ಲಿ ಸಾವಕಾಶವಾಗಿ ಮಾರುವವರು ಕಡಿಮೆ. ಆಸ್ಪತ್ರೆ ಬಿಲ್ಲು, ಬ್ಯಾಂಕಿನ ಹರಾಜು ನೋಟಿಸು, ಮಗಳ ಮದುವೆ, ಕೈಸಾಲ ಕೊಟ್ಟವರ ಕಾಟ, ಯಾವುದೋ ಒಂದು ಬೆನ್ನಿಗೆ ಬಿದ್ದಿರುತ್ತದೆ. ಇಂಥವರ ಜತೆ ಚೌಕಾಸಿ ಮಾಡುವುದು ಹೇಗೆ ಎಂದು ಕೇಳುವವರಿಗೆ ನಾನು ಹೇಳುವುದು ಇಷ್ಟು.

1. "ಯಾಕಂತೆ ಮಾರ್ತಿರೋದು?" ಎಂದು ಕೇಳಬೇಡಿ. ಕೊಳ್ಳುವ ಪಾರ್ಟಿಯ ಮೊದಲ ಪ್ರಶ್ನೆಯೇ ಇದು, ನಾನು ಉತ್ತರ ಕೊಡುವುದಿಲ್ಲ. ಜಮೀನಿನ ಬಗ್ಗೆ ಏನು ಬೇಕಾದರೂ ಕೇಳಲಿ: ಪಹಣಿ ಸರಿಯಿದೆಯೇ, ಇ.ಸಿ.ಯಲ್ಲಿ ಏನಿದೆ, ಬೋರಿನಲ್ಲಿ ಎಷ್ಟು ಇಂಚು ನೀರು, ದಾರಿ ತಕರಾರು ಉಂಟೇ, ಮನೆಯ ಹೆಣ್ಣುಮಕ್ಕಳು ಸಹಿ ಹಾಕುತ್ತಾರೆಯೇ. ಜಮೀನಿನ ಮೇಲಿನ ಸಾಲವನ್ನೂ ಮುಚ್ಚಿಡುವಂತಿಲ್ಲ. ಆದರೆ ಮಾರುವವನ ಮಗ ಯಾವ ವಾರ್ಡಿನಲ್ಲಿದ್ದಾನೆ ಎಂಬುದು ಪಹಣಿಯಲ್ಲಿ ಬರುವ ಕಲಂ ಅಲ್ಲ.

2. ಅವಸರಕ್ಕೂ ಒಂದು ದರವಿದೆ, ಲೆಕ್ಕ ಹಾಕಿ. ಹತ್ತು ದಿನದಲ್ಲಿ ಪೂರ್ತಿ ಹಣ ಎಣಿಸುವವನು ಬೆಲೆ ಇಳಿಸಿ ಕೇಳುವುದರಲ್ಲಿ ಅನ್ಯಾಯವೇನಿಲ್ಲ. ಅವನು ಎಫ್‌.ಡಿ. ಮುರಿಸಬೇಕು, ಸಾಲ ಎತ್ತಬೇಕು, ಕಾಗದಪತ್ರ ತಿರುವಿ ನೋಡಲು ಸಮಯವಿಲ್ಲದೆ ಒಂದಿಷ್ಟು ಅಪಾಯವನ್ನೂ ತಲೆ ಮೇಲೆ ಹಾಕಿಕೊಳ್ಳಬೇಕು. 40 ಲಕ್ಷದ ಸೈಟು ಎಂದಿಟ್ಟುಕೊಳ್ಳಿ. ನಿಧಾನವಾಗಿ ಮಾರಿದ್ದರೆ ನಾಲ್ಕು ತಿಂಗಳಲ್ಲಿ ಆ ಬೆಲೆಗೆ ಗಿರಾಕಿ ಸಿಗುತ್ತಿದ್ದ. ವರ್ಷಕ್ಕೆ ಶೇ 12ರಂತೆ ನಾಲ್ಕು ತಿಂಗಳ ಬಡ್ಡಿ 1.6 ಲಕ್ಷ. ಅಪಾಯಕ್ಕೆ, ಓಡಾಟಕ್ಕೆ ಇನ್ನೆರಡು ಲಕ್ಷ ಧಾರಾಳವಾಗಿ ಹಾಕಿ. 36 ಲಕ್ಷ ಚಿಲ್ಲರೆಗೆ ಕೇಳಿದರೆ ವ್ಯಾಪಾರ. 28ಕ್ಕೆ ಕೇಳಿದರೆ, ಉಳಿದ ಎಂಟು ಲಕ್ಷಕ್ಕೆ ಪ್ರತಿಯಾಗಿ ನೀವು ಕೊಟ್ಟದ್ದೇನು? ಅವರು ಐ.ಸಿ.ಯು. ಬಾಗಿಲಲ್ಲಿ ಕೂತಿರುವ ಸುದ್ದಿ ನಿಮಗೆ ತಿಳಿದಿತ್ತು, ಅಷ್ಟೇ ತಾನೆ?

3. ಮಾರುವವರೇ, ನನ್ನಂಥವನ ಮಾತನ್ನು ಪೂರ್ತಿ ನಂಬಬೇಡಿ. ಶೇ 2 ಕಮಿಷನ್ ಎಂದರೆ 40 ಲಕ್ಷಕ್ಕೆ ನನಗೆ 80 ಸಾವಿರ, 35 ಲಕ್ಷಕ್ಕೆ 70 ಸಾವಿರ. ನಿಮಗೆ ಐದು ಲಕ್ಷ ಹೋದರೆ ನನಗೆ ಹೋಗುವುದು ಹತ್ತು ಸಾವಿರ. "ಬಂದಷ್ಟಕ್ಕೆ ಮುಗಿಸಿಬಿಡಿ ಯಜಮಾನ್ರೇ" ಎಂದು ಬ್ರೋಕರ್ ಯಾಕೆ ಹೇಳುತ್ತಾನೆ ಎಂದು ಗೊತ್ತಾಯಿತಲ್ಲ.

4. ಅವಸರವನ್ನು ಮೊದಲು ಇಳಿಸಿ, ಬೆಲೆ ಆಮೇಲೆ ಮಾತಾಡಿ. ಗಂಡನ ಆಪರೇಷನ್ನಿಗೆಂದು ಎರಡು ಎಕರೆ ತೆಂಗಿನ ತೋಟ ಮಾರಲು ಬಂದ ಹೆಂಗಸೊಬ್ಬರು ಹಾಲಿನ ಕವರಿನಲ್ಲಿ ಪಹಣಿ ಸುತ್ತಿಕೊಂಡು ತಂದಿದ್ದರು. "ಪೂರ್ತಿ ತಗೊಳ್ಳಿ, ದುಡ್ಡು ನಾಳೆ ಕೊಡಿ" ಎಂಬುದೊಂದೇ ಅವರ ಮಾತು. ಕೊಳ್ಳಲು ಬಂದವರು ನಿವೃತ್ತ ಮೇಷ್ಟ್ರು. "ಅಮ್ಮಾ, ನಿಮಗೆ ಈಗ ಬೇಕಾಗಿರೋದೆಷ್ಟು?" ಎಂದು ಕೇಳಿದರು. ಆರು ಲಕ್ಷ. ಅಷ್ಟಕ್ಕೆ ಎರಡು ಎಕರೆ ಮಾರುವ ಅಗತ್ಯವೇ ಇರಲಿಲ್ಲ. ಆದರೆ ಒಂದು ಸರ್ವೆ ನಂಬರಿನಲ್ಲಿ ಭಾಗ ಮಾರಬೇಕೆಂದರೆ 11ಇ ನಕ್ಷೆ ಆಗಬೇಕು, ಸರ್ವೆಯರ್ ಬಂದು ಅಳೆಯಬೇಕು, ಅದಕ್ಕೆ ವಾರಗಟ್ಟಲೆ ಕಾಯಬೇಕು. ಅಷ್ಟು ದಿನ ಆಸ್ಪತ್ರೆ ಕಾಯುವುದಿಲ್ಲವೆಂದೇ ಎಷ್ಟೋ ಜನ ಪೂರ್ತಿ ಮಾರಿಬಿಡುತ್ತಾರೆ. ಮೇಷ್ಟ್ರು 20 ಗುಂಟೆಗೆ ಕ್ರಯದ ಕರಾರು ಬರೆಸಿ ರಿಜಿಸ್ಟರ್ ಮಾಡಿಸಿದರು, ಆರು ಲಕ್ಷ ಮುಂಗಡವನ್ನು ಬ್ಯಾಂಕಿನ ಮೂಲಕವೇ ಹಾಕಿದರು. ನಕ್ಷೆ ಬಂದ ಮೇಲೆ ಬಾಕಿ ಕೊಟ್ಟು ಕ್ರಯಪತ್ರ ಮಾಡಿಸಿಕೊಂಡರು. ಮೇಷ್ಟ್ರು ದೊಡ್ಡ ಧರ್ಮಾತ್ಮರೇನಲ್ಲ, ರಸ್ತೆ ಬದಿಯ 20 ಗುಂಟೆಯನ್ನೇ ಆರಿಸಿಕೊಂಡಿದ್ದರು. ಅದಕ್ಕೆ ತಕ್ಕ ಬೆಲೆಯನ್ನೂ ಕೊಟ್ಟರು.

5. ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ಕೂತು ಮತ್ತೆ ಚೌಕಾಸಿ ಶುರು ಮಾಡುವವರ ಜತೆ ನಾನು ಎರಡನೇ ವ್ಯಾಪಾರ ಮಾಡುವುದಿಲ್ಲ. ಈಗ ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಕಾಗದಪತ್ರವೆಲ್ಲ ಮೊದಲೇ ಆನ್‌ಲೈನಿನಲ್ಲಿ ಪರಿಶೀಲನೆಯಾಗಿ, ಫೋಟೊ ಮತ್ತು ಹೆಬ್ಬೆಟ್ಟಿಗೆ ಸಮಯ ಗೊತ್ತಾಗಿರುತ್ತದೆ. ಮಾರುವವನು ಆ ಹಣ ನಂಬಿ ಸಂಜೆಗೆ ಬರಲು ಸಾಲ ಕೊಟ್ಟವನಿಗೆ ಹೇಳಿಬಿಟ್ಟಿರುತ್ತಾನೆ. ಸರದಿ ಬಂದಾಗ "ಇನ್ನೊಂದು ಐವತ್ತು ಸಾವಿರ ಬಿಡಿ, ಇಲ್ಲಾಂದ್ರೆ ಬೇಡ" ಎಂದರೆ ಅವನು ಬಿಡದೆ ಏನು ಮಾಡಿಯಾನು?

6. ಕೊಳ್ಳದೆ ಎದ್ದುಹೋದರೆ ಪುಣ್ಯ ಬರುತ್ತದೆಂಬ ಭ್ರಮೆ ಕೆಲವರಿಗಿದೆ. "ಕಣ್ಣೀರಿನ ಆಸ್ತಿ ನಮಗೆ ಬೇಡಪ್ಪ" ಎಂದು ಕೈ ಮುಗಿದು ಹೋಗುತ್ತಾರೆ. ಮುಂದಿನ ಗಿರಾಕಿ ಯಾರೆಂದರೆ ಮೀಟರ್ ಬಡ್ಡಿಯವನು. ಕಷ್ಟದಲ್ಲಿರುವವನಿಗೆ ಬೇಕಿರುವುದು ನಿಮ್ಮ ಮಡಿಯಲ್ಲ, ಇನ್ನೊಬ್ಬ ಗಿರಾಕಿ. ಇಬ್ಬರು ಕೇಳಿದರೆ ಬೆಲೆ ತಾನಾಗಿ ಏರುತ್ತದೆ.

7. ಅಗ್ಗಕ್ಕೆ ಬಂದ ಆಸ್ತಿ ಕೋರ್ಟಿನ ದಾರಿಯನ್ನೂ ತೋರಿಸಬಹುದು. ಬೆಲೆ ಕಡಿಮೆ ಎಂಬ ಒಂದೇ ಕಾರಣಕ್ಕೆ ಕರಾರು ಬಿದ್ದುಹೋಗುವುದಿಲ್ಲ ನಿಜ. ಆದರೆ ಒಪ್ಪಿಗೆ ಮನಸಾರೆ ಕೊಟ್ಟದ್ದೇ ಎಂದು ಅಳೆಯುವಾಗ ಆ ಬೆಲೆಯನ್ನೂ ನೋಡಬಹುದು ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಸೈಟು, ಮನೆಯನ್ನು ಮಾರ್ಗಸೂಚಿ ದರಕ್ಕಿಂತ ತೀರಾ ಕಡಿಮೆಗೆ ಕೊಂಡು, ವ್ಯತ್ಯಾಸ 50 ಸಾವಿರವನ್ನೂ ಕೊಟ್ಟ ಬೆಲೆಯ ಶೇ 10ನ್ನೂ ದಾಟಿದರೆ ಅದು ಕೊಂಡವನ ಆದಾಯವಾಗಿ ತೆರಿಗೆಗೆ ಬೀಳುತ್ತದೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾದರಂತೂ ಅನುಮತಿಯಿಲ್ಲದ ಕ್ರಯ 1978ರ ಪಿ.ಟಿ.ಸಿ.ಎಲ್‌. ಕಾಯ್ದೆಯಡಿ ಅಸಿಂಧು. ವಾಪಸ್ ಕೇಳಲು ಕಾಲಮಿತಿಯೂ ಇಲ್ಲವೆಂದು 2023ರಲ್ಲಿ ತಿದ್ದುಪಡಿಯಾಗಿದೆ.

8. ಅರ್ಜೆಂಟ್ ಎಂದವರೆಲ್ಲ ಅರ್ಜೆಂಟಲ್ಲ. "ತುರ್ತಾಗಿ ಮಾರಾಟಕ್ಕಿದೆ" ಎಂಬ ಬೋರ್ಡು ಬಿಸಿಲಿಗೆ ಬಣ್ಣ ಹೋಗುವವರೆಗೂ ಮರಕ್ಕೆ ನೇತಾಡುವುದನ್ನು ನೋಡಿದ್ದೇನೆ. ನಿಜವಾಗಿ ಕಷ್ಟದಲ್ಲಿರುವವರು ಬೆಲೆ ಹೇಳುವ ಮೊದಲು ತಾರೀಕು ಹೇಳುತ್ತಾರೆ. ಅಂಥವರಿಂದ ನಾನು ಕಮಿಷನ್ ತೆಗೆದುಕೊಳ್ಳುವುದಿಲ್ಲ, ಕೊಳ್ಳುವವರಿಂದ ಮಾತ್ರ. ಈ ವಿಷಯ ಊರಲ್ಲಿ ಹಬ್ಬಿದ ಮೇಲೆ ನನ್ನ ಹತ್ತಿರ ಬರುವ ಎಲ್ಲರೂ ಬಾಗಿಲಲ್ಲೇ ತಾರೀಕು ಹೇಳಲು ಶುರು ಮಾಡಿದ್ದಾರೆ.