ಇಂಟರ್‌ಫೇಸ್ ಕೊಳ್ಳುವ ಮುಂಚೆ
ಮನೆಯಲ್ಲೇ ಧ್ವನಿಮುದ್ರಣಕ್ಕೆ ಹೊರಟಿದ್ದೀರಾ? ಒಂದೇ ಸಲಕ್ಕೆ ಎಷ್ಟು ಮೈಕು ಬೇಕಾದೀತೆಂದು ಮೊದಲು ಲೆಕ್ಕ ಹಾಕಿಕೊಳ್ಳಿ. ಒಬ್ಬರೇ ಹಾಡುವುದಾದರೆ ಸ್ಕಾರ್ಲೆಟ್ ಸೋಲೋದಂಥ, ಒಂದೇ ಮೈಕು ಹಿಡಿಯುವ ಇಂಟರ್‌ಫೇಸ್ ಸಾಕು. ಮೃದಂಗಕ್ಕೆ ಅದು ಸಾಲದು. ಎಡಕ್ಕೊಂದು ಬಲಕ್ಕೊಂದು ಮೈಕು ಇಟ್ಟರೇನೇ ಎರಡೂ ಮುಖಗಳ ನಾದ ಬೇರೆಬೇರೆಯಾಗಿ ಸಿಕ್ಕುವುದು. ಜೊತೆಗೆ ಹಾಡುವವರಿದ್ದರೆ ಮೂರು. ಕಂಡೆನ್ಸರ್ ಮೈಕಾದರೆ 48 ವೋಲ್ಟ್ ಫ್ಯಾಂಟಮ್ ಪವರ್ ಇದೆಯೇ ನೋಡಿ. 24 ಬಿಟ್, 48 ಕಿಲೋಹರ್ಟ್ಸ್ ಧಾರಾಳವಾಯಿತು, 192ರ ಆಸೆಗೆ ದುಡ್ಡು ಸುರಿಯಬೇಡಿ.

ತಾಳಮದ್ದಲೆ ಅಂತ ಊರೂರು ಸುತ್ತುವವರಿಗೆ ಕಂಪ್ಯೂಟರ್ ಬೇಡದ ರೆಕಾರ್ಡರೇ ವಾಸಿ. 32 ಬಿಟ್ ಫ್ಲೋಟ್‌ನದಾದರೆ, ಭಾಗವತರು ದಿಢೀರನೆ ದನಿ ಏರಿಸಿದರೂ ಆಮೇಲೆ ಕೂತು ಸರಿಪಡಿಸಿಕೊಳ್ಳಬಹುದು. ಮಿಕ್ಕ ಹಣದಲ್ಲಿ ಗಟ್ಟಿಮುಟ್ಟಾದ ಸ್ಟ್ಯಾಂಡ್ ತನ್ನಿ. ಮುದ್ರಿಸುವಾಗ ಫ್ಯಾನು ಆರಿಸಿ.