ಹಂದಿಕಾವಲಿನ ಬಂದೂಕೂ ರೈತನ ಕಿವಿಯೂ

(ಹಿಡುವಳಿದಾರರ ಮತ್ತು ಗ್ರಾಮದ ಮುಖಂಡರ ತಿಳಿವಳಿಕೆಗಾಗಿ)

ಕೋಲಾರದ ಚಿನ್ನದ ಗಣಿ ಮತ್ತು ಬಂಗಾರಪೇಟೆಯ ಸುತ್ತಣ ಗ್ರಾಮಗಳಲ್ಲಿ ಕಡಲೆಕಾಯಿ ಬಲಿಯುವ ಕಾಲದಿಂದ ರಾಗಿಯ ಕೊಯ್ಲು ಮುಗಿಯುವವರೆಗೂ ಕಾಡುಹಂದಿಗಳ ಕಾಟವು ರೈತರಿಗೆ ತಪ್ಪಿದ್ದಲ್ಲ. ಹಗಲೆಲ್ಲ ಗುಡ್ಡದ ಪೊದೆಗಳಲ್ಲಿಯೂ, ಜಾಲಿ ಬೆಳೆದ ಕೆರೆಯಂಗಳಗಳಲ್ಲಿಯೂ ಮಲಗಿದ್ದ ಹಂದಿಗಳು ಕತ್ತಲಾದ ಮೇಲೆ ಹಿಂಡಾಗಿ ಹೊಲಕ್ಕೆ ಇಳಿಯುವುವು. ತಿನ್ನುವುದಕ್ಕಿಂತ ಉತ್ತು ಕೆಡವುವುದೇ ಹೆಚ್ಚು. ಕಡಲೆಕಾಯಿ, ಗೆಣಸು, ಆಲೂಗೆಡ್ಡೆ, ಮುಸುಕಿನ ಜೋಳ, ರಾಗಿ ಇವುಗಳಲ್ಲಿ ಯಾವುದನ್ನೂ ಅವು ಬಿಡವು. ಇದನ್ನು ತಡೆಯುವುದಕ್ಕಾಗಿ ರೈತರು ರಾತ್ರಿ ಕಾವಲು ಮಾಡುವುದೂ, ತಮಟೆ ಬಡಿಯುವುದೂ, ಪಟಾಕಿ ಸಿಡಿಸುವುದೂ, ಪರವಾನಗಿಯುಳ್ಳವರು ಬಂದೂಕು ಹಾರಿಸುವುದೂ ಉಂಟು.

ಬೆಳೆಗಾದ ನಷ್ಟವನ್ನು ಎಲ್ಲರೂ ಬಲ್ಲರು. ಬೆಳಗಾದರೆ ಹೊಲವೇ ಅದನ್ನು ತೋರಿಸುವುದು. ಆದರೆ ಕಾವಲುಗಾರನ ಕಿವಿಗೆ ಆದ ನಷ್ಟವು ಕಣ್ಣಿಗೆ ಕಾಣುವುದಿಲ್ಲ. ಕೆಟ್ಟ ಬೆಳೆಯನ್ನು ಮುಂದಿನ ಮುಂಗಾರಿನಲ್ಲಿ ಪುನಃ ಬಿತ್ತಬಹುದು. ಕೆಟ್ಟ ಕಿವಿಯನ್ನು ಬಿತ್ತಿ ಬೆಳೆಯುವಂತಿಲ್ಲ. ಆದುದರಿಂದ ಬಂದೂಕಿನ ಸದ್ದಿನಿಂದ ಕಿವುಡು ಹೇಗೆ ಬರುವುದೆಂಬುದನ್ನೂ, ಅದನ್ನು ತಡೆಯಲು ಮಾಡತಕ್ಕ ಉಪಾಯಗಳನ್ನೂ ಇಲ್ಲಿ ತಿಳಿಸಿದೆ.

ಸದ್ದಿನ ಅಳತೆ

ಸದ್ದನ್ನು ಡೆಸಿಬೆಲ್ ಎಂಬ ಮಾನದಿಂದ ಅಳೆಯುವರು. ಎದುರುಬದುರು ಕುಳಿತು ಆಡುವ ಮಾತು ಸುಮಾರು ೬೦ ಡೆಸಿಬೆಲ್. ಈ ಮಾನವು ಸೇರು ಪಾವುಗಳ ಲೆಕ್ಕದಂತೆ ಏರುವುದಿಲ್ಲ. ಪ್ರತಿ ೧೦ ಡೆಸಿಬೆಲ್ ಏರಿದಾಗಲೂ ಸದ್ದಿನ ಶಕ್ತಿಯು ೧೦ ಪಾಲು ಹೆಚ್ಚುವುದು. ೩ ಡೆಸಿಬೆಲ್ ಏರಿದರೇ ಇಮ್ಮಡಿಯಾಗುವುದು. ೮೫ ಡೆಸಿಬೆಲ್ಲಿನ ಸದ್ದಿನಲ್ಲಿ ದಿನಕ್ಕೆ ೮ ಗಂಟೆ ಕೆಲಸ ಮಾಡಬಹುದೆಂದು ತಜ್ಞರು ಇಟ್ಟುಕೊಂಡಿರುವ ಎಣಿಕೆಯ ಪ್ರಕಾರ, ೮೮ರಲ್ಲಿ ೪ ಗಂಟೆಯೂ, ೯೧ರಲ್ಲಿ ೨ ಗಂಟೆಯೂ, ೧೦೦ರಲ್ಲಿ ಕೇವಲ ಕಾಲು ಗಂಟೆಯೂ ಮಾತ್ರ ಇರಬಹುದು.

ಬಂದೂಕಿನ ಸದ್ದಿಗೆ ಈ ಗಂಟೆಗಳ ಲೆಕ್ಕವೇ ಹೊಂದುವುದಿಲ್ಲ. ಹಾರಿಸುವವನ ಕಿವಿಯ ಬಳಿ ಅದರ ತುದಿಮಟ್ಟವು ಸಾಮಾನ್ಯವಾಗಿ ೧೫೦ ರಿಂದ ೧೬೫ ಡೆಸಿಬೆಲ್ಲಿನವರೆಗೆ ಏರುವುದು. ದೊಡ್ಡವರ ಕಿವಿಗೆ ಒಂದು ಕ್ಷಣವೂ ೧೪೦ ಡೆಸಿಬೆಲ್ಲನ್ನು ಮೀರಿದ ಸದ್ದು ತಗಲಬಾರದೆಂದೂ, ಮಕ್ಕಳ ಕಿವಿಗೆ ೧೨೦ನ್ನು ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಎಂದ ಮೇಲೆ, ಕಿವಿಗೆ ರಕ್ಷಣೆಯಿಲ್ಲದೆ ಹಾರಿಸಿದ ಒಂದೇ ಒಂದು ಗುಂಡು ಸಹ ಹಾನಿಮಾಡಬಲ್ಲುದು. ಹಂದಿಗೆ ಗುರಿಯಿಟ್ಟರೂ, ಬರಿದೇ ಬೆದರಿಸಲೆಂದು ಹಾರಿಸಿದರೂ ಕಿವಿಗೆ ತಗಲುವ ಪೆಟ್ಟು ಒಂದೇ.

ಪಟಾಕಿಯು ನಿರಪಾಯವೆಂದು ತಿಳಿಯುವುದೂ ತಪ್ಪು. ಸಿಡಿಯುವ ಸ್ಥಳದಿಂದ ೪ ಮೀಟರ್ ದೂರದಲ್ಲಿ ೧೪೫ ಡೆಸಿಬೆಲ್ ತುದಿಮಟ್ಟವನ್ನು ಮೀರುವ ಪಟಾಕಿಗಳನ್ನು ಸರ್ಕಾರದ ನಿಯಮವು ೧೯೯೯ರಲ್ಲಿ ನಿಷೇಧಿಸಿತು. ಆ ಮೇರೆಯೊಳಗಿನ ಪಟಾಕಿಯೇ ಆದರೂ ಹತ್ತಿರ ನಿಂತವನಿಗೆ ಕ್ಷೇಮವಲ್ಲವೆಂಬುದು ಮೇಲಣ ಅಂಕಿಗಳಿಂದಲೇ ತಿಳಿಯುವುದು. ಕೊಳವೆಯಲ್ಲಿ ಕಾರ್ಬೈಡ್ ಹಾಕಿ ಸಿಡಿಸುವ ಸಾಧನವಂತೂ ಕಿವಿಗೂ ಕಣ್ಣಿಗೂ ಅಪಾಯಕರ.

ಹಾನಿಯು ಆಗುವ ಬಗೆ

ಕಿವಿತಮಟೆಯ ಆಚೆಗೆ, ತಲೆಯ ಮೂಳೆಯೊಳಗೆ, ಶಂಖದಂತೆ ಸುತ್ತಿಕೊಂಡಿರುವ ಒಂದು ಸಣ್ಣ ಅಂಗವಿದೆ. ಅದರಲ್ಲಿ ಕೂದಲಿನಂಥ ಸೂಕ್ಷ್ಮ ಎಳೆಗಳನ್ನು ತಲೆಯ ಮೇಲೆ ಹೊತ್ತ ಜೀವಕೋಶಗಳು ಒಂದೊಂದು ಕಿವಿಗೆ ಸುಮಾರು ೧೫,೦೦೦ ಇರುವುವು. ಸದ್ದು ಬಂದಾಗ ಈ ಎಳೆಗಳು ಅಲುಗಿ, ನರದ ಮೂಲಕ ಮಿದುಳಿಗೆ ಸುದ್ದಿ ಕಳುಹಿಸುವುವು.

ಬಿರುಸಾದ ಗಾಳಿಮಳೆಗೆ ರಾಗಿಯ ಪೈರು ಒರಗುವುದನ್ನು ರೈತರು ಕಂಡೇ ಇದ್ದಾರೆ. ಹಗುರಾಗಿ ಬಾಗಿದ ಪೈರು ಎರಡು ದಿನದಲ್ಲಿ ನಿಲ್ಲುವುದು; ಬುಡ ಮುರಿದದ್ದು ನಿಲ್ಲುವುದಿಲ್ಲ. ಕಿವಿಯೊಳಗಿನ ಎಳೆಗಳ ಗತಿಯೂ ಹಾಗೆಯೇ. ಗುಂಡು ಹಾರಿಸಿದ ಮೇಲೆ ಕೆಲವು ಗಂಟೆ ಕಿವಿ ಮಂದವಾಗಿದ್ದು ಮರುದಿನ ಸರಿಹೋಗುವುದು ಬಾಗಿದ ಪೈರು ನಿಂತಂತೆ. ಸತ್ತ ಜೀವಕೋಶವು ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಮರುದಿನ ಸರಿಹೋಯಿತೆಂಬುದನ್ನೂ ಪೂರ್ತಿಯಾಗಿ ನಂಬುವಂತಿಲ್ಲ. ೨೦೦೯ರಲ್ಲಿ ಅಮೆರಿಕದ ಕುಜಾವ ಮತ್ತು ಲಿಬರ್ಮನ್ ಎಂಬ ವಿಜ್ಞಾನಿಗಳು ಇಲಿಗಳ ಮೇಲೆ ಪರೀಕ್ಷೆ ಮಾಡಿ, ಕೇಳುವ ಶಕ್ತಿಯು ಮೊದಲಿನಂತಾದಂತೆ ಕಂಡರೂ ಒಳಗೆ ನರದ ಕೂಡುಗಳು ನಾಶವಾಗಿರಬಹುದೆಂದು ತೋರಿಸಿದರು.

ಕಿವಿಗೆ ತನ್ನನ್ನು ತಾನು ಕಾಪಾಡಿಕೊಳ್ಳುವ ಒಂದು ಸಣ್ಣ ಸ್ನಾಯು ಉಂಟು. ದೊಡ್ಡ ಸದ್ದು ಬಂದಾಗ ಅದು ಬಿಗಿದುಕೊಳ್ಳುವುದು. ಆದರೆ ಬಂದೂಕಿನ ಸದ್ದು ಸೆಕೆಂಡಿನ ಸಾವಿರದಲ್ಲೊಂದು ಪಾಲಿನಷ್ಟು ಕಾಲದಲ್ಲಿಯೇ ತುದಿ ಮುಟ್ಟುವುದರಿಂದ, ಸ್ನಾಯು ಬಿಗಿಯುವುದರೊಳಗಾಗಿ ಪೆಟ್ಟು ಬಿದ್ದು ಹೋಗಿರುವುದು. ಹಲವು ವರ್ಷ ಹಾರಿಸಿ ಕಿವಿಗೆ ಅಭ್ಯಾಸವಾಗಿದೆಯೆಂದು ಹೇಳುವವರುಂಟು. ಕಿವಿಯು ಸದ್ದಿಗೆ ಅಭ್ಯಾಸವಾಗುವುದಿಲ್ಲ. ಕೇಳುವುದು ಕಡಿಮೆಯಾಗಿರುವುದರಿಂದ ಹಾಗೆ ತೋರುವುದು.

ಗಣಿಯ ಸೀಮೆಯಿಂದ ಕಲಿಯತಕ್ಕ ಪಾಠ

ಈ ವಿಷಯವು ನಮ್ಮ ಸೀಮೆಗೆ ಹೊಸದಲ್ಲ. ೧೮೮೦ರ ದಶಕದಿಂದ ಮೊದಲ್ಗೊಂಡು ೨೦೦೧ನೇ ಇಸವಿ ಫೆಬ್ರವರಿ ೨೮ರಂದು ಗಣಿಗಳು ಮುಚ್ಚುವವರೆಗೆ, ಚಾಂಪಿಯನ್ ರೀಫ್, ಊರಿಗಾಂ, ಮಾರಿಕುಪ್ಪಂ ಮುಂತಾದ ಕಡೆಗಳಲ್ಲಿ ನೆಲದಡಿಯಲ್ಲಿ ಬಂಡೆ ಕೊರೆಯುವುದೂ ಮದ್ದು ಸಿಡಿಸುವುದೂ ನಿತ್ಯದ ಕೆಲಸವಾಗಿದ್ದಿತು. ಗಾಳಿಯ ಒತ್ತಡದಿಂದ ನಡೆಯುವ ಕೊರೆಯುವ ಯಂತ್ರದ ಸದ್ದು ೧೦೦ ಡೆಸಿಬೆಲ್ಲನ್ನು ಮೀರುವುದು. ಸದ್ದಿನಿಂದಾಗುವ ಕಿವುಡುತನವನ್ನು ಕಸಬಿನಿಂದ ಬರುವ ರೋಗಗಳ ಪಟ್ಟಿಯಲ್ಲಿ ಕಾಯಿದೆಯೇ ಸೇರಿಸಿದೆ. ಹಿಂದಿನ ನೌಕರರ ಪರಿಹಾರದ ಅಧಿನಿಯಮದ ೩ನೇ ಅನುಸೂಚಿಯಲ್ಲಿಯೂ ಇದು ಸೇರಿದ್ದಿತು.

ಆದರೆ ತನ್ನ ಸ್ವಂತ ಹೊಲದಲ್ಲಿ ಬಂದೂಕು ಹಾರಿಸುವ ಹಿಡುವಳಿದಾರನಿಗೆ ಮಾಲೀಕನಿಲ್ಲ, ಪರೀಕ್ಷಕನಿಲ್ಲ, ಪರಿಹಾರ ಕೊಡುವವರೂ ಇಲ್ಲ. ಅವನ ಕಿವಿಗೆ ಅವನೇ ಹೊಣೆಗಾರ.

ಹಾನಿಯ ಲಕ್ಷಣಗಳು

೧. ಗುಂಡು ಹಾರಿಸಿದ ಮೇಲೆ ಕಿವಿಯಲ್ಲಿ ಗುಂಯ್ ಎಂಬ ಶಬ್ದ ಅಥವಾ ಜೀರುಂಡೆ ಕೂಗಿದಂಥ ಮೊರೆತ ಉಂಟಾಗುವುದು. ಇದು ಕಿವಿಯು ಕೊಡುವ ಮೊದಲನೆಯ ಎಚ್ಚರಿಕೆ. ಹಲವರಲ್ಲಿ ಇದು ಶಾಶ್ವತವಾಗಿ ನಿಂತು ನಿದ್ದೆಗೆಡಿಸುವುದು.

೨. ಮಾತು ಕೇಳಿಸುವುದು, ಆದರೆ ತಿಳಿಯುವುದಿಲ್ಲ. ಮೊದಲು ಕೆಡುವುದು ಎತ್ತರದ ಸ್ವರಗಳನ್ನು ಕೇಳುವ ಶಕ್ತಿ. ಸ, ಶ, ಚ, ತ, ಕ ಮೊದಲಾದ ಅಕ್ಷರಗಳ ಗುರುತು ಈ ಸ್ವರಗಳಲ್ಲಿಯೇ ಹೆಚ್ಚಾಗಿರುವುದರಿಂದ ಹಕ್ಕಿ ಎಂದದ್ದು ಹತ್ತಿ ಎಂದೂ, ಸೊಪ್ಪು ಎಂದದ್ದು ಸೊತ್ತು ಎಂದೂ ಕೇಳಿಸುವುದು. ಹೆಂಗಸರ ಮತ್ತು ಮಕ್ಕಳ ಮಾತು, ಸಂತೆಯ ಗದ್ದಲದಲ್ಲಿನ ಮಾತು ಮುಂಚೆ ತಪ್ಪಿಹೋಗುವುದು. ತನಗೆ ಕಿವುಡೆಂದು ತಿಳಿಯದೆ, ಎದುರಿನವರು ಸರಿಯಾಗಿ ಮಾತನಾಡುವುದಿಲ್ಲವೆಂದು ರೇಗುವುದೂ ಉಂಟು.

೩. ಬಲಭುಜಕ್ಕೆ ಬಂದೂಕು ಇಟ್ಟು ಹಾರಿಸುವವರಿಗೆ ಸಾಮಾನ್ಯವಾಗಿ ಎಡಗಿವಿಯು ಹೆಚ್ಚು ಕೆಡುವುದು. ಗುರಿಯಿಡುವಾಗ ಎಡಗಿವಿಯು ನಳಿಗೆಯ ಬಾಯಿಯ ಕಡೆಗೆ ತಿರುಗಿರುವುದು. ಬಲಗಿವಿಗೆ ತಲೆಯೇ ಮರೆಯಾಗುವುದು.

ಮನೆಯಲ್ಲಿಯೇ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಸದ್ದಿಲ್ಲದ ಕೋಣೆಯಲ್ಲಿ ಕಣ್ಣು ಮುಚ್ಚಿ ಕುಳಿತವನ ಒಂದೊಂದು ಕಿವಿಯ ಬಳಿ ಮತ್ತೊಬ್ಬರು ಹೆಬ್ಬೆರಳನ್ನೂ ತೋರುಬೆರಳನ್ನೂ ಉಜ್ಜಬೇಕು. ಅದು ಕೇಳಿಸದಿದ್ದರೆ, ಅಥವಾ ಎರಡು ಕಿವಿಗಳಿಗೂ ವ್ಯತ್ಯಾಸ ಕಂಡರೆ, ವೈದ್ಯರ ಬಳಿಗೆ ಹೋಗತಕ್ಕದ್ದು.

ಈ ನಷ್ಟವು ಕಾವಲಿನ ಕೆಲಸಕ್ಕೇ ಬಾಧಕವೆಂಬುದನ್ನು ವಿಶೇಷವಾಗಿ ಗಮನಿಸಬೇಕು. ಕತ್ತಲಲ್ಲಿ ಕಾವಲುಗಾರನಿಗೆ ಕಿವಿಯೇ ಕಣ್ಣು. ಪೈರು ಸರಿಯುವ ಸಪ್ಪಳ, ಹಾವು ಬುಸುಗುಟ್ಟುವ ಶಬ್ದ, ದೂರದ ಹೊಲದವರ ಕೂಗು ಇವುಗಳಿಂದಲೇ ಅವನು ಎಚ್ಚರಗೊಳ್ಳುವನು. ಕಾಮಸಮುದ್ರದ ಕಡೆಯಂತೆ ಆನೆಗಳೂ ಬರುವ ಸ್ಥಳಗಳಲ್ಲಿ ಕಿವಿ ಮಂದವಾದವನ ಪ್ರಾಣಕ್ಕೇ ಅಪಾಯವುಂಟು.

ತಡೆಯುವ ಉಪಾಯಗಳು

ಕಿವಿಯೊಳಗೆ ಇಡುವ ಮೆತ್ತನೆಯ ಬೆಣೆಗಳೂ, ಕಿವಿಯ ಮೇಲೆ ಕೂರುವ ಮುಚ್ಚಳಗಳೂ ಪೇಟೆಯಲ್ಲಿ ದೊರೆಯುವುವು. ಬೆಣೆಗಳ ಬೆಲೆಯು ಅಲ್ಪ. ಇವು ಸರಿಯಾಗಿ ಕೂತರೆ ಸುಮಾರು ೨೦ ರಿಂದ ೩೦ ಡೆಸಿಬೆಲ್ಲಿನಷ್ಟು ಸದ್ದನ್ನು ತಗ್ಗಿಸುವುವು. ೧೬೦ ಡೆಸಿಬೆಲ್ಲಿನ ಗುಂಡಿನ ಸದ್ದಿನಲ್ಲಿ ೨೫ ಕಳೆದರೆ ೧೩೫ ಉಳಿಯುವುದು. ಇದು ೧೪೦ರ ಮೇರೆಯೊಳಗಿದೆ. ಸಡಿಲವಾಗಿ ಕೂತ ಬೆಣೆಯು ೧೦ನ್ನು ಮಾತ್ರ ಕಳೆದರೆ ೧೫೦ ಉಳಿದು ಹಾನಿ ತಪ್ಪುವುದಿಲ್ಲ. ಬೆಣೆ ಮತ್ತು ಮುಚ್ಚಳ ಎರಡನ್ನೂ ಒಟ್ಟಿಗೆ ಹಾಕಿದರೆ ೫ ರಿಂದ ೧೦ ಡೆಸಿಬೆಲ್ಲಿನಷ್ಟು ಹೆಚ್ಚಿನ ರಕ್ಷಣೆ ದೊರೆಯುವುದು. ಹತ್ತಿಯನ್ನೋ ಬಟ್ಟೆಯ ಚೂರನ್ನೋ ತುರುಕಿಕೊಳ್ಳುವುದರಿಂದ ಸಾಕಷ್ಟು ರಕ್ಷಣೆ ದೊರೆಯದು.

ಬೆಣೆ ಇಡುವ ಕ್ರಮ: ಕೈ ತೊಳೆದುಕೊಂಡು ಬೆಣೆಯನ್ನು ಬೆರಳುಗಳ ನಡುವೆ ಹೊಸೆದು ಸಣ್ಣಗೆ ಮಾಡಬೇಕು. ಮತ್ತೊಂದು ಕೈಯನ್ನು ತಲೆಯ ಮೇಲಿಂದ ತಂದು ಕಿವಿಯ ಮೇಲ್ಭಾಗವನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಬೆಣೆಯನ್ನು ಒಳಗಿಟ್ಟು, ಅದು ಹಿಗ್ಗುವವರೆಗೆ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ತನ್ನ ಮಾತು ತನಗೇ ಕೊಡದೊಳಗೆ ಆಡಿದಂತೆ ಕೇಳುವುದು.

ಕಿವಿ ಮುಚ್ಚಿಕೊಂಡರೆ ಹಂದಿಯ ಸಪ್ಪಳ ಕೇಳುವುದು ಹೇಗೆಂದು ರೈತರು ಕೇಳುವುದು ನ್ಯಾಯವೇ. ಇದಕ್ಕೆ ಮೂರು ಮಾರ್ಗಗಳುಂಟು. ಮುಚ್ಚಳವನ್ನು ಕೊರಳಲ್ಲಿ ಹಾಕಿಕೊಂಡು ಕಾದಿದ್ದು, ಬಂದೂಕು ಎತ್ತುವ ಮುನ್ನ ಕಿವಿಗೆ ಏರಿಸಬಹುದು. ಇಲ್ಲವೆ ಇಬ್ಬರು ಕೂಡಿ ಕಾದು, ಒಬ್ಬನು ಆಲಿಸಿ ಸನ್ನೆಮಾಡಿದ ಮೇಲೆ ಇಬ್ಬರೂ ಕಿವಿ ಮುಚ್ಚಿಕೊಂಡು ಮತ್ತೊಬ್ಬನು ಹಾರಿಸಬಹುದು. ಸಣ್ಣ ಸಪ್ಪಳವನ್ನು ಒಳಗೆ ಬಿಟ್ಟು ದೊಡ್ಡ ಸದ್ದನ್ನು ಆ ಕ್ಷಣವೇ ತಡೆಯುವ ವಿದ್ಯುತ್ ಮುಚ್ಚಳಗಳೂ ಉಂಟು. ಬೆಲೆ ಹೆಚ್ಚಾದ್ದರಿಂದ ಹಲವು ಹಿಡುವಳಿದಾರರು ಸೇರಿ ಕೊಳ್ಳಬಹುದು.

ಬಂಡೆಯ ಮಗ್ಗುಲಲ್ಲಿಯೂ, ಮಾಡು ಹೊದಿಸಿದ ಅಟ್ಟಣೆಯೊಳಗೂ ಹಾರಿಸಿದರೆ ಸದ್ದು ತಿರುಗಿ ಬಡಿದು ಹಾನಿ ಹೆಚ್ಚುವುದು. ಹಾರಿಸುವವನ ಪಕ್ಕದಲ್ಲಿಯೂ ಮುಂಭಾಗಕ್ಕೂ ನಿಂತವರಿಗೆ ಅವನಿಗಿಂತಲೂ ಹೆಚ್ಚಿನ ಪೆಟ್ಟು ತಗಲಬಹುದು. ದೀಪ ಹಿಡಿಯಲೆಂದು ಮಕ್ಕಳನ್ನು ಎಂದಿಗೂ ಕರೆದೊಯ್ಯಬಾರದು.

ಎಲ್ಲಕ್ಕಿಂತ ಉತ್ತಮವಾದುದು ಹಾರಿಸುವ ಗುಂಡುಗಳನ್ನೇ ಕಡಿಮೆಮಾಡುವುದು. ಅಕ್ಕಪಕ್ಕದ ಹೊಲದವರು ಒಂದೇ ವೇಳೆಗೆ ಬಿತ್ತಿದರೆ ಕಾವಲಿನ ರಾತ್ರಿಗಳು ಕಡಿಮೆಯಾಗುವುವು. ಹೊಲದಂಚಿನ ಪೊದೆಗಳನ್ನು ಕಡಿದು, ಗಟ್ಟಿಯಾದ ತಂತಿಬೇಲಿಯನ್ನೋ ನಿಯಮಕ್ಕೊಳಪಟ್ಟ ಸೌರಬೇಲಿಯನ್ನೋ ಹಾಕತಕ್ಕದ್ದು. ಮನೆಯ ವಿದ್ಯುತ್ತನ್ನು ನೇರವಾಗಿ ಬೇಲಿಗೆ ಹರಿಸುವುದು ಅಪರಾಧವೂ ಪ್ರಾಣಹಾನಿಕರವೂ ಆಗಿದೆ.

ಹಾನಿಯಾದರೆ ಮಾಡತಕ್ಕದ್ದು

ಗುಂಡಿನ ಸದ್ದಿನ ಮೇಲೆ ಕಿವಿಯಿಂದ ರಕ್ತ ಬಂದರೂ, ತಲೆ ತಿರುಗಿದರೂ, ತಟ್ಟನೆ ಕಿವಿ ಕೇಳದೆ ಹೋದರೂ ಆ ದಿನವೇ ವೈದ್ಯರನ್ನು ಕಾಣಬೇಕು. ಬರಿಯ ಮೊರೆತವೂ ಮಂದವೂ ಆದರೆ ಸದ್ದಿನಿಂದ ದೂರವಿದ್ದು, ಒಂದು ದಿನದಲ್ಲಿ ಇಳಿಯದಿದ್ದರೆ ತಡಮಾಡದೆ ಹೋಗಬೇಕು. ಮೊದಲ ಕೆಲವು ದಿನಗಳಲ್ಲಿ ಕೊಟ್ಟ ಔಷಧದಿಂದ ಕೆಲವರಿಗೆ ಗುಣ ಕಾಣುವುದು. ವಾರಗಳು ಕಳೆದ ಮೇಲೆ ಆ ಅವಕಾಶವು ತಪ್ಪುವುದು. ಕಿವಿಗೆ ಕಾಯಿಸಿದ ಎಣ್ಣೆ, ಬೆಳ್ಳುಳ್ಳಿಯ ರಸ ಮೊದಲಾದುವನ್ನು ಹಾಕಲೇಬಾರದು. ತಮಟೆ ಹರಿದಿದ್ದರೆ ಇವು ಒಳಗಿಳಿದು ಕೀವಿಗೆ ಕಾರಣವಾಗಬಹುದು.

ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ೧೯೬೫ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಶ್ರವಣ ಪರೀಕ್ಷೆಗೂ ಶ್ರವಣಯಂತ್ರಗಳಿಗೂ ಹೆಸರಾದುದು. ಯಂತ್ರವು ಸದ್ದನ್ನು ದೊಡ್ಡದು ಮಾಡಿ ಕೊಡುವುದೇ ಹೊರತು ಹೋದ ಕಿವಿಯನ್ನು ತಂದುಕೊಡುವುದಿಲ್ಲ. ಆದರೂ ಕೇಳದೆ ಒಂಟಿಯಾಗಿ ಕೂರುವುದಕ್ಕಿಂತ ಅದನ್ನು ಧರಿಸುವುದು ಎಷ್ಟೋ ಮೇಲು.

ಕಾಯಿದೆಯ ಸಂಗತಿ

೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮಕ್ಕೆ ೨೦೨೨ರಲ್ಲಿ ಆದ ತಿದ್ದುಪಡಿಯ ತರುವಾಯ ಕಾಡುಹಂದಿಯು ೨ನೇ ಅನುಸೂಚಿಯಲ್ಲಿದೆ. ಬೆಳೆಗೆ ಅಪಾಯಕರವಾದ ಹಂದಿಯನ್ನು ಕೊಲ್ಲಲು ೧೧ನೇ ಪ್ರಕರಣದಂತೆ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿಗಳ ಲಿಖಿತ ಆಜ್ಞೆ ಬೇಕು. ೧೯೫೯ರ ಆಯುಧ ಅಧಿನಿಯಮದ ಪ್ರಕಾರ ಪಡೆದ ಬಂದೂಕಿನ ಪರವಾನಗಿಯು ಹಂದಿ ಹೊಡೆಯುವ ಅಪ್ಪಣೆಯಾಗುವುದಿಲ್ಲ. ಬೆಳೆನಷ್ಟವಾದಾಗ ಕೂಡಲೇ ಅರಣ್ಯ ಇಲಾಖೆಗೆ ಅರ್ಜಿ ಕೊಡತಕ್ಕದ್ದು.

ಗ್ರಾಮದ ಮುಖಂಡರು ಮಾಡತಕ್ಕ ಕೆಲಸ

೧. ಗ್ರಾಮದಲ್ಲಿ ಪರವಾನಗಿಯುಳ್ಳ ಬಂದೂಕು ಎಷ್ಟಿವೆಯೋ ಅಷ್ಟು ಜೊತೆ ಕಿವಿಮುಚ್ಚಳಗಳೂ, ಜೊತೆಯ ಕಾವಲುಗಾರರಿಗೆ ಸಾಕಷ್ಟು ಬೆಣೆಗಳೂ ಇರುವಂತೆ ನೋಡಿಕೊಳ್ಳಬೇಕು. ಮದ್ದುಗುಂಡು ಇಡುವ ಚೀಲದಲ್ಲಿಯೇ ಬೆಣೆಗಳನ್ನೂ ಇಡುವ ಪದ್ಧತಿಯಾದರೆ ಮರೆಯುವ ಸಂಭವವಿಲ್ಲ.

೨. ಕಾವಲಿಗೆ ಹೋಗುವವರನ್ನು ವರ್ಷಕ್ಕೊಮ್ಮೆ ಶ್ರವಣ ಪರೀಕ್ಷೆಗೆ ಕಳುಹಿಸಬೇಕು.

೩. ಈಗಾಗಲೇ ಕಿವಿ ಮಂದವಾದವರನ್ನು ರಾತ್ರಿ ಒಂಟಿಯಾಗಿ ಕಾವಲಿಗೆ ಬಿಡಬಾರದು. ಚೆನ್ನಾಗಿ ಕೇಳುವ ಮತ್ತೊಬ್ಬರನ್ನು ಜೊತೆಮಾಡಬೇಕು.

೪. ಕಡಲೆಕಾಯಿ ಬಲಿಯುವುದಕ್ಕೆ ಒಂದು ತಿಂಗಳು ಮುಂಚೆಯೇ ಈ ಸಂಗತಿಗಳನ್ನು ಗ್ರಾಮಸಭೆಯಲ್ಲಿ ಓದಿ ಹೇಳಿ, ಬೆಣೆ ಇಡುವ ಕ್ರಮವನ್ನು ಪ್ರತ್ಯಕ್ಷವಾಗಿ ತೋರಿಸಿ, ಬಂದವರೆಲ್ಲರ ಕೈಯಿಂದಲೂ ಒಂದೊಂದು ಸಲ ಮಾಡಿಸತಕ್ಕದ್ದು.