ಮೌನವಾಗಿರುವ ಸಹಪಾಠಿ: ಗೆಳೆತನದ ನೆರವು ಹಾಗೂ ಗ್ರಾಮ ಪಂಚಾಯಿತಿ ಸದಸ್ಯರ ಪಾತ್ರ



ನಮ್ಮ ಬಹುತೇಕ ಗ್ರಾಮಗಳಲ್ಲಿ ಹಿರಿಯ ಪ್ರಾಥಮಿಕ ಶಾಲೆಯು ಏಳನೆಯ ಅಥವಾ ಎಂಟನೆಯ ತರಗತಿಗೆ ಮುಗಿಯುತ್ತದೆ. ಅನಂತರ ಮಗುವು ಬೇರೊಂದು ಊರಿನ ಪ್ರೌಢಶಾಲೆಗೆ ಹೋಗಬೇಕಾಗುತ್ತದೆ. ಸ್ವಂತ ಊರಿನಲ್ಲಿ ಗಟ್ಟಿಯಾಗಿ ಪದ್ಯ ಹೇಳುತ್ತಿದ್ದ ಮಗು ಹೊಸ ತರಗತಿಯಲ್ಲಿ ಹಾಜರಿ ಕೂಗಿದಾಗಲೂ ಕೇಳಿಸದಂತೆ ಉತ್ತರಿಸುವುದುಂಟು. ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವ ಮಕ್ಕಳಲ್ಲಿಯೂ, ಕೂಲಿಗಾಗಿ ಗುಳೆ ಹೋಗಿ ಬಂದ ಕುಟುಂಬಗಳ ಮಕ್ಕಳಲ್ಲಿಯೂ ಈ ಹಿಂಜರಿಕೆಯನ್ನು ಕಾಣಬಹುದು. ಇದನ್ನು ದಡ್ಡತನವೆಂದು ಎಣಿಸುವುದು ತಪ್ಪು. ಹಾಗೆ ಎಣಿಸಲ್ಪಟ್ಟ ಮಗು ಮೊದಲು ವಾರಕ್ಕೊಂದು ದಿನ, ಬಳಿಕ ಮೂರು ದಿನ ಗೈರುಹಾಜರಾಗುತ್ತದೆ. ಶಾಲೆ ಬಿಟ್ಟವರ ಪಟ್ಟಿ ನಮ್ಮ ಸಭೆಗೆ ಬರುವ ವೇಳೆಗೆ ಕಾಲ ಮಿಂಚಿರುತ್ತದೆ.

ಇಂತಹ ಮಗುವಿಗೆ ಶಿಕ್ಷಕರಿಗಿಂತ ಮೊದಲು ನೆರವಾಗಬಲ್ಲವರು ಜೊತೆಯಲ್ಲಿ ಕುಳಿತುಕೊಳ್ಳುವ ಗೆಳೆಯ, ಗೆಳತಿಯರು. ಆದರೆ ಆ ನೆರವಿನ ರೀತಿ ಸರಿಯಾಗಿರಬೇಕು. ಅನೇಕ ಸಲ ಒಳ್ಳೆಯ ಗೆಳತಿಯೇ ಅವಳ ಪರವಾಗಿ ಎಲ್ಲವನ್ನೂ ಉತ್ತರಿಸಿಬಿಡುತ್ತಾಳೆ. "ಅವಳು ಮಾತಾಡಲ್ಲ ಸಾರ್" ಎಂಬ ಮಾತು ಅವಳಿಗೆ ಹಣೆಪಟ್ಟಿಯಾಗಿ ಅಂಟಿಕೊಳ್ಳುತ್ತದೆ. ಅದಕ್ಕಿಂತ, ಪ್ರಶ್ನೆ ಕೇಳಿದ ಮೇಲೆ ತುಸು ಕಾಯುವುದು, ಬಿಸಿಯೂಟಕ್ಕೆ ಪಕ್ಕದಲ್ಲಿ ಕರೆದು ಕೂರಿಸಿಕೊಳ್ಳುವುದು, ಕೊಕ್ಕೊ ಆಟಕ್ಕೆ ತಂಡ ಆರಿಸುವಾಗ ಕೊನೆಯವರೆಗೆ ನಿಲ್ಲಿಸದೆ ಮೊದಲೇ ಹೆಸರು ಕೂಗುವುದು ಹೆಚ್ಚು ಫಲಕಾರಿ. ನಾಳೆ ತರಗತಿಯಲ್ಲಿ ಓದಬೇಕಾದ ಪುಟವನ್ನು ಇಂದು ದಾರಿಯಲ್ಲಿ ಒಬ್ಬರಿಗೊಬ್ಬರು ಓದಿ ಹೇಳಬಹುದು. ತಾರಸಿಗೆ ಕೊಟ್ಟ ಸೆಂಟ್ರಿಂಗ್ ಅನ್ನು ಅವಸರದಲ್ಲಿ ತೆಗೆಯಬಾರದು, ಹಾಗೆಂದು ಶಾಶ್ವತವಾಗಿ ಬಿಡುವಂತೆಯೂ ಇಲ್ಲವೆಂಬುದು ಕಾಮಗಾರಿಗಳನ್ನು ಕಂಡ ತಮಗೆಲ್ಲ ತಿಳಿದದ್ದೇ, ಇಲ್ಲಿಯೂ ಹಾಗೆಯೇ.

ಎಲ್ಲವನ್ನೂ ಗೆಳೆಯರ ಮೇಲೆ ಹೊರಿಸತಕ್ಕದ್ದಲ್ಲ. ಜಾತಿ, ಮೈಬಣ್ಣ, ಉಚ್ಚಾರಣೆಗಳನ್ನು ಹಿಡಿದು ಹೀಯಾಳಿಸುವುದು ನಡೆದಿದ್ದರೆ, ಅಥವಾ ಮಗು ಶಾಲೆಯ ಹೆಸರೆತ್ತಿದರೆ ಅಳುತ್ತಿದ್ದರೆ, ಗೆಳತಿಯು ಅದನ್ನು ಗುಟ್ಟಾಗಿಡದೆ ಶಿಕ್ಷಕರಿಗೆ ತಿಳಿಸಬೇಕು. ಇದು ಚಾಡಿ ಅಲ್ಲವೆಂದು ಮಕ್ಕಳಿಗೆ ಹಿರಿಯರೇ ಹೇಳಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಪ್ರಕರಣವು ಶಾಲೆಯಲ್ಲಿ ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಮಕ್ಕಳ ಸಹಾಯವಾಣಿ 1098 ಶಾಲೆಯ ಗೋಡೆಯ ಮೇಲೆ ಓದುವಂತೆ ಬರೆದಿದೆಯೇ ಎಂದು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಗೆ ಹೋದಾಗ ನೋಡಿ ಬರಬಹುದು.

ಈಗ ನಮ್ಮ ಹೊಣೆಗೆ ಬರೋಣ. ಮಕ್ಕಳ ಗ್ರಾಮಸಭೆಯಲ್ಲಿ ವೇದಿಕೆ, ಶಾಮಿಯಾನ, ಧ್ವನಿವರ್ಧಕ ಎಲ್ಲವೂ ಇರುತ್ತವೆ. ಮೈಕು ಹಿಡಿಯುವವರು ಮಾತ್ರ ಪ್ರತಿ ವರ್ಷವೂ ಅದೇ ನಾಲ್ಕು ಮಕ್ಕಳು, ಅದೂ ಶಿಕ್ಷಕರು ಬರೆದುಕೊಟ್ಟ ಪ್ರಶ್ನೆಯೊಂದಿಗೆ. ಇಂತಹ ಸಭೆ ಮೌನದ ಮಗುವಿಗೆ ಮೌನವನ್ನೇ ಕಲಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಸಭೆಗೆ ವಾರ ಮೊದಲು ಪ್ರತಿ ಶಾಲೆಯಲ್ಲಿ ಪ್ರಶ್ನೆ ಪೆಟ್ಟಿಗೆ ಇರಿಸಿ, ಹೆಸರಿಲ್ಲದ ಚೀಟಿಗಳನ್ನೂ ಸ್ವೀಕರಿಸಬೇಕು. ಸಭೆಯ ದಿನ ಐದಾರು ಮಕ್ಕಳ ಗುಂಪುಗಳಲ್ಲಿ ಸದಸ್ಯರು ನೆಲದ ಮೇಲೆ ಕುಳಿತು ಮೊದಲು ಕೇಳಿಸಿಕೊಳ್ಳಬೇಕು. ಅನಂತರ ವೇದಿಕೆಗೆ ಇಬ್ಬರು ಗೆಳೆಯರು ಕೂಡಿಯೇ ಬರಲಿ. ಒಬ್ಬರು ವಿಷಯ ಹೇಳಲಿ, ಇನ್ನೊಬ್ಬರು ಒಂದೇ ವಾಕ್ಯ ಸೇರಿಸಿದರೂ ಸಾಕು. ಗ್ರಾಮ ಪಂಚಾಯಿತಿ ಗ್ರಂಥಾಲಯದಲ್ಲಿ ಶನಿವಾರ ಮಧ್ಯಾಹ್ನ ಜೋಡಿ ಓದು ಏರ್ಪಡಿಸಿದರೆ ಅದೇ ಇದಕ್ಕೆ ಪೂರ್ವಾಭ್ಯಾಸ.

ಎಲ್ಲಕ್ಕಿಂತ ಮುಖ್ಯವಾದದ್ದು ಉತ್ತರ. ಹಲವು ದಿನ ಧೈರ್ಯ ಕೂಡಿಸಿಕೊಂಡು ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲವೆಂದು ಹೇಳಿದ ಬಾಲಕಿಗೆ ಮರುವರ್ಷವೂ ಅದೇ ಬಾಗಿಲು ಕಂಡರೆ, ಅವಳೂ ಅವಳ ಗೆಳತಿಯೂ ಮತ್ತೆ ಬಾಯಿ ತೆರೆಯಲಾರರು. ಆದಕಾರಣ ಪ್ರತಿ ಪ್ರಶ್ನೆಯನ್ನೂ ನಡವಳಿ ಪುಸ್ತಕದಲ್ಲಿ ದಾಖಲಿಸಿ, ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ತರತಕ್ಕದ್ದು. ಅನುದಾನ ಸಾಲದೆ ಕೆಲಸ ಆಗದಿದ್ದಲ್ಲಿ, ಆ ಕಾರಣವನ್ನು ವಾರ್ಡಿನ ಸದಸ್ಯರು ಶಾಲೆಗೇ ಹೋಗಿ ಪ್ರಶ್ನೆ ಕೇಳಿದ ಮಗುವಿಗೆ ತಿಳಿಸಬೇಕು.